ಬಾಟಲಿ ಮರಿಗೆ ಯಾವ ಹಾಲು? ಕಡಿಮೆ ಖರ್ಚಿನಲ್ಲಿ ಮೇಕೆಮರಿ ಸಾಕುವ ಲೆಕ್ಕ

ತಾಯಿ ಸತ್ತ ಮರಿ, ಮೂವರಲ್ಲಿ ಪಾಲು ಸಿಗದೆ ಸೊರಗಿದ ಮರಿ, ಕೆಚ್ಚಲುಬಾವು ಬಂದ ಮೇಕೆಯ ಮರಿ. ಬಾಟಲಿ ಹಿಡಿಯುವ ಕಾರಣ ಏನೇ ಇರಲಿ, ಮೊದಲು ಏಳುವ ಪ್ರಶ್ನೆ ಯಾವ ಹಾಲು ಕೊಡುವುದು, ಅದಕ್ಕೆ ಎಷ್ಟು ಖರ್ಚು ಎಂಬುದು. ಖರ್ಚು ಇಳಿಸಬೇಕು ಅಂದಕೂಡಲೇ ಬಹಳ ಜನ ಹಾಲಿಗೆ ನೀರು ಸುರಿಯುತ್ತಾರೆ, ಇಲ್ಲವೇ ಗಂಜಿ ಬೆರೆಸುತ್ತಾರೆ. ಅಲ್ಲಿ ಉಳಿದ ದುಡ್ಡು ಭೇದಿಯ ಔಷಧಿಗೆ ಹೋಗುತ್ತದೆ, ಮರಿಯೂ ಉಳಿಯುವುದಿಲ್ಲ. ನಿಜವಾದ ಉಳಿತಾಯ ಎರಡು ಕಡೆ ಇದೆ. ಒಂದು, ಹಾಲಿನ ಬೆಲೆಯನ್ನು ಲೀಟರ್ ಲೆಕ್ಕದಲ್ಲಿ ಹೋಲಿಸಿ ಆರಿಸಿಕೊಳ್ಳುವುದು. ಇನ್ನೊಂದು, ಮರಿ ಬೇಗ ಮೇವು ತಿನ್ನುವ ಹಾಗೆ ಮಾಡಿ ಹಾಲು ಕುಡಿಸುವ ವಾರಗಳನ್ನೇ ಕಡಿಮೆ ಮಾಡುವುದು. ನಮ್ಮ ಮಟ್ಟಿಗೆ ಎರಡನೆಯದೇ ದೊಡ್ಡದು.

ಲೆಕ್ಕ ನೋಡಿ. ಹುಟ್ಟಿದಾಗ 2 ಕೆ.ಜಿ. ಇದ್ದ ಮರಿಯನ್ನು 8 ವಾರಕ್ಕೆ ಹಾಲು ಬಿಡಿಸಿದರೆ ಒಟ್ಟು ಸುಮಾರು 35 ಲೀಟರ್ ಹಾಲು ಸಾಕು. ಅದೇ ಮರಿಗೆ ಕೈತಿಂಡಿ, ಅಂದರೆ ಕಾಳು-ಹಿಂಡಿಯ ಮಿಶ್ರಣ, ತಿನ್ನಲು ಕಲಿಸದೆ, ದಿನಕ್ಕೆ 900 ಮಿ.ಲೀ.ನಂತೆ 14 ವಾರ ಎಳೆದರೆ 80 ಲೀಟರ್ ಹತ್ತಿರ ಬರುತ್ತದೆ. ಎಷ್ಟೇ ಅಗ್ಗದ ಹಾಲು ಹುಡುಕಿದರೂ ಈ ವ್ಯತ್ಯಾಸವನ್ನು ತುಂಬಿಕೊಳ್ಳಲಾಗುವುದಿಲ್ಲ.

ಮೊದಲ ದಿನ ಗಿಣ್ಣುಹಾಲೇ ಆಗಬೇಕು

ಇಲ್ಲಿ ಮಾತ್ರ ಉಳಿತಾಯದ ಮಾತು ಬೇಡ. ಮೇಕೆಯಲ್ಲಿ ರೋಗ ತಡೆಯುವ ಪ್ರತಿಕಾಯಗಳು ಗರ್ಭದಲ್ಲಿರುವಾಗ ಮರಿಗೆ ದಾಟುವುದಿಲ್ಲ. ಅವು ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಮರಿಯ ಕರುಳು ಅವನ್ನು ಇಡಿಯಾಗಿ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿ, ಆಮೇಲೆ ಗಂಟೆ ಗಂಟೆಗೂ ಕಡಿಮೆ. 24 ಗಂಟೆ ಕಳೆಯುವಷ್ಟರಲ್ಲಿ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಹಾಗಾಗಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಮೊದಲ ಸಲ, ಪ್ರತಿ ಕೆ.ಜಿ. ತೂಕಕ್ಕೆ 50 ಮಿ.ಲೀ.ನಂತೆ ಕುಡಿಸಿ. 24 ಗಂಟೆಯಲ್ಲಿ ಒಟ್ಟು ಕೆ.ಜಿ.ಗೆ 150ರಿಂದ 200 ಮಿ.ಲೀ. ಹೋಗಬೇಕು. 2 ಕೆ.ಜಿ. ಮರಿಗೆ ಅದು 300ರಿಂದ 400 ಮಿ.ಲೀ.

ಸ್ವಂತ ತಾಯಿಯದು ಸಿಗದಿದ್ದರೆ ಅದೇ ದಿನ ಮರಿ ಹಾಕಿದ ಇನ್ನೊಂದು ಮೇಕೆಯದು ಒಳ್ಳೆಯದು. ಅದೂ ಇಲ್ಲದಿದ್ದರೆ ಆರೋಗ್ಯವಂತ ಹಸುವಿನ ಮೊದಲ ಕರೆತದ ಗಿಣ್ಣು ಆಗುತ್ತದೆ. ಮೇಕೆಗೆ ಬೇಕಾದ ಎಲ್ಲ ಪ್ರತಿಕಾಯಗಳು ಅದರಲ್ಲಿರುವುದಿಲ್ಲ, ಆದರೆ ಏನೂ ಕೊಡದಿರುವುದಕ್ಕಿಂತ ಎಷ್ಟೋ ಮೇಲು. ಮೇಕೆ ಸಾಕುವವರು ಹೆಚ್ಚು ಹಾಲಿನ ಮೇಕೆಯ ಗಿಣ್ಣನ್ನು 100 ಮಿ.ಲೀ. ಅಳತೆಯ ಪೊಟ್ಟಣಗಳಲ್ಲಿ ತುಂಬಿ, ದಿನಾಂಕ ಬರೆದು ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬೇಕು. ಒಂದು ವರ್ಷದವರೆಗೂ ಉಪಯೋಗಕ್ಕೆ ಬರುತ್ತದೆ. ಕರಗಿಸುವಾಗ ಒಲೆಯ ಮೇಲೆ ಇಡಬೇಡಿ, ಮೈಕ್ರೋವೇವ್ ಅಂತೂ ಬೇಡವೇ ಬೇಡ. 50 ಡಿಗ್ರಿ ಮೀರದ ಬಿಸಿನೀರಿನ ಪಾತ್ರೆಯಲ್ಲಿ ಪೊಟ್ಟಣ ಮುಳುಗಿಸಿಟ್ಟರೆ ನಿಧಾನವಾಗಿ ಕರಗುತ್ತದೆ. ಹೆಚ್ಚು ಕಾದರೆ ಗಿಣ್ಣು ಗಟ್ಟಿಯಾಗಿ ಪ್ರತಿಕಾಯಗಳೂ ಹಾಳಾಗುತ್ತವೆ.

ಇನ್ನು ಹಾಲಿನ ಆಯ್ಕೆ

ಮೇಕೆಹಾಲಿನಲ್ಲಿ ಕೊಬ್ಬು ಶೇ. 4ರ ಆಸುಪಾಸು, ಪ್ರೋಟೀನ್ ಶೇ. 3ರಿಂದ 3.5, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಶೇ. 4.5ರಷ್ಟು. ಒಟ್ಟು ಘನಾಂಶ ಶೇ. 12ರಿಂದ 13. ಬದಲಿ ಹಾಲು ಯಾವುದೇ ಇರಲಿ, ಈ ಅಂಕಿಗಳ ಹತ್ತಿರ ಬಂದರೆ ಮರಿ ಬೆಳೆಯುತ್ತದೆ, ದೂರ ಹೋದಷ್ಟೂ ತೊಂದರೆ.

ಕೆನೆ ತೆಗೆಯದ ಹಸುವಿನ ಹಾಲು ಇದಕ್ಕೆ ತೀರಾ ಹತ್ತಿರ. ಏನೂ ಬೆರೆಸದೆ, ಏನೂ ತೆಗೆಯದೆ ಹಾಗೇ ಕೊಡಬಹುದು. ಮರಿಗೆಂದೇ ತಯಾರಿಸಿದ ಒಳ್ಳೆಯ ಹಾಲಿನ ಪುಡಿ ಸುಲಭವಾಗಿ ಸಿಗದ ಕಡೆ ಎರಡನೇ ಯೋಚನೆಯಿಲ್ಲದೆ ನಾವು ಹೇಳುವುದು ಇದನ್ನೇ. ಪ್ಯಾಕೆಟ್ ಹಾಲಾದರೆ ಕೊಬ್ಬಿನ ಪ್ರಮಾಣ ನೋಡಿ ತೆಗೆದುಕೊಳ್ಳಿ, ಶೇ. 3.5ಕ್ಕಿಂತ ಕಡಿಮೆಯದು ಮೊದಲ ಮೂರು ವಾರ ಬೇಡ. ಕೊಟ್ಟಿಗೆಯಿಂದ ನೇರ ತಂದ ಹಸಿಹಾಲನ್ನು ಒಂದು ಕುದಿ ಬರಿಸಿ ಆರಿಸಿಯೇ ಕೊಡಿ, ಇಲ್ಲವೇ 63 ಡಿಗ್ರಿಯಲ್ಲಿ 30 ನಿಮಿಷ ಇಡಿ. ಬ್ರುಸೆಲ್ಲಾ, ಕ್ಷಯದಂಥ ರೋಗಾಣುಗಳು ಹಸಿಹಾಲಿನಲ್ಲಿ ಬರಬಹುದು. ಕೆಚ್ಚಲುಬಾವಿಗೆ ಔಷಧಿ ಪಡೆಯುತ್ತಿರುವ ಹಸುವಿನ ಹಾಲು ಮಾರಾಟಕ್ಕೆ ಬರುವುದಿಲ್ಲವೆಂದು ಪುಕ್ಕಟೆ ಸಿಗುತ್ತದೆ. ಅದನ್ನು ಮರಿಗೆ ಕುಡಿಸುವುದು ಬೇಡ. ಅದರಲ್ಲಿ ಉಳಿದ ಆ್ಯಂಟಿಬಯೋಟಿಕ್ ಮರಿಯ ಕರುಳಿನಲ್ಲಿ ಔಷಧಿಗೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ, ಮುಂದೆ ಭೇದಿ ಬಂದಾಗ ಔಷಧಿ ನಾಟುವುದಿಲ್ಲ.

ಎಮ್ಮೆಹಾಲು ಸುಲಭವಾಗಿ ಸಿಗುವ ಕಡೆ ಅದನ್ನೂ ಬಳಸಬಹುದು, ಆದರೆ ಹಾಗೇ ಕೊಟ್ಟರೆ ಕೊಬ್ಬು ಹೆಚ್ಚಾಗಿ ಭೇದಿ ಹತ್ತುತ್ತದೆ. ಶೇ. 7 ಕೊಬ್ಬಿನ ಎಮ್ಮೆಹಾಲು 3 ಪಾಲಿಗೆ ಕುದಿಸಿ ಆರಿಸಿದ ನೀರು 1 ಪಾಲು ಸೇರಿಸಿದರೆ ಒಟ್ಟು ಘನಾಂಶ ಸುಮಾರು ಶೇ. 12.5ಕ್ಕೆ ಬರುತ್ತದೆ. ಹಾಲಿಗೆ ನೀರು ಬೆರೆಸುವುದು ಸರಿಯಾಗುವುದು ಇದೊಂದರಲ್ಲೇ.

ಇದಕ್ಕಿಂತ ಒಳ್ಳೆಯ ದಾರಿ ಒಂದಿದೆ. ಎಮ್ಮೆಹಾಲಿಗೆ ಬರೀ ನೀರಿನ ಬದಲು ಕೆನೆರಹಿತ ಹಾಲಿನ ಪುಡಿಯ ಹಾಲನ್ನು ಸೇರಿಸುವುದು. 90 ಗ್ರಾಂ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕದಡಿ, ಒಟ್ಟು 1 ಲೀಟರ್ ಆಗುವಷ್ಟು ನೀರು ತುಂಬಿ. ಇದನ್ನು 1 ಲೀಟರ್ ಎಮ್ಮೆಹಾಲಿಗೆ ಬೆರೆಸಿದರೆ 2 ಲೀಟರ್ ಆಯಿತು. ಅದರಲ್ಲಿ ಕೊಬ್ಬು ಶೇ. 3.5, ಪ್ರೋಟೀನ್ ಶೇ. 3.5, ಘನಾಂಶ ಶೇ. 13ರ ಆಸುಪಾಸು. ಅಂದರೆ ಹಸುವಿನ ಹಾಲಿಗೆ ಸರಿಸಮ. ಕೊಬ್ಬು ಎಮ್ಮೆಯಿಂದ, ಪ್ರೋಟೀನ್ ಪುಡಿಯಿಂದ, ಎರಡೂ ಹಾಲಿನದೇ. ನಾಲ್ಕೈದು ಮರಿ ಒಟ್ಟಿಗೆ ಸಾಕುವವರಿಗೆ ಇದರಲ್ಲಿ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಕೆನೆರಹಿತ ಪುಡಿಯ ಹಾಲನ್ನೇ ಒಂಟಿಯಾಗಿ ಕೊಡುವುದು ಮಾತ್ರ ತಪ್ಪು. ಆ ಪುಡಿಯಲ್ಲಿ ಕೊಬ್ಬು ಇಲ್ಲವೆಂದರೂ ಸರಿ, ಶೇ. 50ರಷ್ಟು ಲ್ಯಾಕ್ಟೋಸ್ ಇದೆ. ಎಳೆಯ ಮರಿಯ ಮೈ ಬಿಸಿ ಉಳಿಯುವುದು ಹಾಲಿನ ಕೊಬ್ಬಿನಿಂದ. ಕೊಬ್ಬು ಕಡಿಮೆಯಾಯಿತೆಂದು ಅಡುಗೆ ಎಣ್ಣೆ ಸುರಿಯುವವರಿದ್ದಾರೆ. ಕೈಯಲ್ಲಿ ಎಷ್ಟೇ ಕಡೆದರೂ ಎಣ್ಣೆಯ ಹನಿಗಳು ದಪ್ಪವಾಗಿಯೇ ಉಳಿದು ಮೇಲೆ ತೇಲುತ್ತವೆ, ಜೀರ್ಣವಾಗದೆ ಜಿಡ್ಡು ಭೇದಿಯಾಗುತ್ತದೆ.

ಕೆನೆಸಹಿತ ಹಾಲಿನ ಪುಡಿ ಸಿಕ್ಕರೆ ಕೆಲಸ ಸುಲಭ. ಅದರಲ್ಲಿ ಕೊಬ್ಬು, ಪ್ರೋಟೀನ್ ಎರಡೂ ಶೇ. 25ರ ಆಸುಪಾಸು ಇರುತ್ತವೆ. 130 ಗ್ರಾಂ ಪುಡಿ ಹಾಕಿ ಒಟ್ಟು 1 ಲೀಟರ್ ಮಾಡಿಕೊಂಡರೆ ಪೂರ್ಣ ಹಾಲು ಸಿದ್ಧ. ಇಲ್ಲಿ ಒಂದು ಎಚ್ಚರ: ಕಾಫಿ-ಟೀಗೆಂದು ಮಾರುವ ಡೈರಿ ವೈಟ್ನರ್ ಮತ್ತು ಇದು ಒಂದೇ ಅಲ್ಲ. ನೋಡಲು ಒಂದೇ ಥರ ಇದ್ದರೂ ವೈಟ್ನರ್‌ಗೆ ಸಾಮಾನ್ಯವಾಗಿ ಸಕ್ಕರೆ ಬೆರೆಸಿರುತ್ತಾರೆ. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಸಕ್ಕರೆ ಅಥವಾ ಸುಕ್ರೋಸ್ ಎಂದಿದ್ದರೆ ಅದು ಮರಿಗಲ್ಲ.

ಮರಿಗಳಿಗೆಂದೇ ಮಾಡಿದ ಬದಲಿ ಹಾಲಿನ ಪುಡಿ, ಅಂದರೆ ಮಿಲ್ಕ್ ರಿಪ್ಲೇಸರ್, ಕೊಳ್ಳುವಾಗ ಚೀಲದ ಮೇಲೆ ಮೂರು ವಿಷಯ ನೋಡಿ. ಪ್ರೋಟೀನ್ ಶೇ. 22ರಿಂದ 26, ಕೊಬ್ಬು ಕನಿಷ್ಠ ಶೇ. 20 ಇರಬೇಕು. ನಾರಿನಂಶ ಶೇ. 0.5ಕ್ಕಿಂತ ಕಡಿಮೆ ಇರಬೇಕು. ಹಾಲಿನಲ್ಲಿ ನಾರು ಇರುವುದಿಲ್ಲ. ನಾರಿನ ಅಂಕಿ ಹೆಚ್ಚಿದ್ದರೆ ಸೋಯಾದಂಥ ಗಿಡಮೂಲದ ಪ್ರೋಟೀನ್ ಸೇರಿಸಿದ್ದಾರೆ ಎಂದೇ ಅರ್ಥ. ಮೂರು ವಾರದೊಳಗಿನ ಮರಿಗೆ ಅದು ಅರಗುವುದಿಲ್ಲ. ಮೇಕೆಮರಿಯದು ಸಿಗದಿದ್ದರೆ ಕರುವಿನದು ನಡೆಯುತ್ತದೆ, ಪ್ರೋಟೀನ್ ಮತ್ತು ಕೊಬ್ಬು ಎರಡೂ ಶೇ. 20 ಇರುವುದನ್ನು ಆರಿಸಿ. ಕುರಿಮರಿಯದೂ ಆಗುತ್ತದೆ, ಆದರೆ ಕುರಿಗೆ ತಾಮ್ರ ವಿಷವಾಗುವುದರಿಂದ ಅದರಲ್ಲಿ ತಾಮ್ರ ಕಡಿಮೆ ಇರುತ್ತದೆ. ಮೇಕೆಗೆ ತಾಮ್ರ ಅದಕ್ಕಿಂತ ಹೆಚ್ಚು ಬೇಕು. ಆದ್ದರಿಂದ ಕೈತಿಂಡಿಗೆ ಹಾಕುವ ಖನಿಜ ಮಿಶ್ರಣವಾದರೂ ಮೇಕೆಯದೇ ಆಗಿರಲಿ.

ಯಾವುದು ಅಗ್ಗ ಅಂತ ತಿಳಿಯಲು ಚೀಲದ ಬೆಲೆ ನೋಡಿ ಪ್ರಯೋಜನವಿಲ್ಲ. ಪುಡಿಯ 1 ಕೆ.ಜಿ. ಬೆಲೆಯನ್ನು 7ರಿಂದ ಭಾಗಿಸಿ. ಒಂದು ಕೆ.ಜಿ.ಯಿಂದ ಹೆಚ್ಚುಕಡಿಮೆ 7 ಲೀಟರ್ ಹಾಲಾಗುವುದರಿಂದ, ಬಂದ ಮೊತ್ತವೇ ಒಂದು ಲೀಟರಿನ ಬೆಲೆ. ಅದನ್ನು ಹಸುವಿನ ಹಾಲಿನ ಬೆಲೆಯ ಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಹಸುವಿನ ಹಾಲೇ ಅಗ್ಗವಾಗಿರುತ್ತದೆ. ಒಂದು ಮರಿಗೆಂದು ಇಡೀ ಚೀಲ ತಂದು, ಅರ್ಧ ಬಳಸಿ ಉಳಿದದ್ದು ಗಂಟುಕಟ್ಟಿ ಹಾಳಾದರೆ ಅದೂ ಖರ್ಚಿಗೇ ಸೇರುತ್ತದೆ.

ಹಸುವಿನ ಹಾಲಿಗೆ ಸಕ್ಕರೆಯಿಲ್ಲದ ಇವಾಪರೇಟೆಡ್ ಹಾಲು (ನೀರಿನಂಶ ಇಂಗಿಸಿ ಗಟ್ಟಿ ಮಾಡಿದ ಹಾಲು) ಮತ್ತು ಮಜ್ಜಿಗೆ ಸೇರಿಸುವ ಒಂದು ಪಾಕ ಮೇಕೆ ಸಾಕುವವರ ನಡುವೆ ಚಾಲ್ತಿಯಲ್ಲಿದೆ. 4 ಲೀಟರ್‌ಗೆ ಸುಮಾರು 350 ಮಿ.ಲೀ. ಇವಾಪರೇಟೆಡ್ ಹಾಲು, ಒಂದು ಲೋಟ ಮಜ್ಜಿಗೆ. ಕೊಟ್ಟರೆ ತೊಂದರೆಯಿಲ್ಲ, ಹಾಲು ತುಸು ಗಟ್ಟಿಯಾಗುತ್ತದೆ ಅಷ್ಟೇ. ಒಳ್ಳೆಯ ಹಸುವಿನ ಹಾಲು ಇದ್ದವರು ಅದಕ್ಕೆ ದುಡ್ಡು ಹಾಕುವ ಅಗತ್ಯ ಕಾಣುವುದಿಲ್ಲ. ಸಿಹಿಯಾದ ಕಂಡೆನ್ಸ್ಡ್ ಮಿಲ್ಕ್ ಬೇರೆ ವಸ್ತು, ಅದನ್ನು ಮುಟ್ಟಬೇಡಿ.

ಕೊಡಬಾರದ್ದು

ಸಕ್ಕರೆ, ಬೆಲ್ಲ. ಹಾಲು ಸಪ್ಪೆಯಾಗಿದೆ, ಶಕ್ತಿ ಬರಲಿ ಎಂದು ಪ್ರೀತಿಯಿಂದ ಹಾಕುತ್ತಾರೆ. ಮೆಲುಕು ಹಾಕುವ ಪ್ರಾಣಿಗಳ ಮರಿಗಳ ಕರುಳಿನಲ್ಲಿ ಈ ಸಕ್ಕರೆಯನ್ನು ಒಡೆಯುವ ಕಿಣ್ವ ಇಲ್ಲ. ಒಡೆಯದ ಸಕ್ಕರೆ ಕರುಳಿನಲ್ಲಿ ಕೊಳೆತು, ನೀರನ್ನು ಎಳೆದುಕೊಂಡು ಭೇದಿಯಾಗುತ್ತದೆ. ಗ್ಲೂಕೋಸ್ ಪುಡಿ ಹಾಗಲ್ಲ, ಅದು ಒಡೆಯಬೇಕಾಗಿಯೇ ಇಲ್ಲ, ನೇರವಾಗಿ ಹೀರಿಕೊಳ್ಳುತ್ತದೆ.

ಗಂಜಿ, ಅಂಬಲಿ, ಹಿಟ್ಟು ಕದಡಿದ ನೀರು. ಪಿಷ್ಟ ಅರಗಿಸುವ ಶಕ್ತಿಯೂ ಎಳೆಯ ಮರಿಗೆ ತೀರಾ ಕಡಿಮೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮರಿ ಸುಮ್ಮನಾಗುತ್ತದೆ, ತೂಕ ಮಾತ್ರ ಏರುವುದಿಲ್ಲ. ಅದೇ ಧಾನ್ಯವನ್ನು ಒಣಗಿದ ನುಚ್ಚಾಗಿ ಮರಿ ತಾನೇ ತಿಂದರೆ ಅದು ರೂಮೆನ್ ಎನ್ನುವ ಮೊದಲ ಹೊಟ್ಟೆಗೆ ಹೋಗಿ ಒಳ್ಳೆಯದಾಗುತ್ತದೆ. ಬಾಟಲಿಯಲ್ಲಿ ಕೊಟ್ಟರೆ ಕೆಡುಕು.

ಮಕ್ಕಳ ಫಾರ್ಮುಲಾ ಪುಡಿಯೂ ಬೇಡ. ಬೆಲೆ ಹೆಚ್ಚು, ಜೊತೆಗೆ ಅದರಲ್ಲಿರುವ ಪ್ರೋಟೀನ್ 100 ಮಿ.ಲೀ.ಗೆ ಒಂದೂವರೆ ಗ್ರಾಂ ಮೀರುವುದಿಲ್ಲ. ಮೇಕೆಮರಿಗೆ ಅದರ ಎರಡು ಪಟ್ಟು ಬೇಕು. ಸೋಯಾ, ತೆಂಗು, ಬಾದಾಮಿಯಿಂದ ಮಾಡಿದ ಹಾಲುಗಳು ಹೆಸರಿಗೆ ಮಾತ್ರ ಹಾಲು. ಪನೀರ್ ಮಾಡಿ ಉಳಿದ ನೀರಿನಲ್ಲಿ ಘನಾಂಶ ಶೇ. 6ರಷ್ಟೇ, ಅದರಲ್ಲಿ ಬಹುಪಾಲು ಲ್ಯಾಕ್ಟೋಸ್, ಹಾಗಾಗಿ ಹಾಲಿನ ಜಾಗದಲ್ಲಿ ಅದು ನಿಲ್ಲುವುದಿಲ್ಲ.

ಮೊಸರು ಬೆರೆಸಿದರೆ ಏನು ಲಾಭ

ಎರಡರಿಂದ ಎಂಟು ವಾರದ ಬಾಟಲಿ ಮರಿಗಳಲ್ಲಿ ಹಾಲು ಕುಡಿದ ಒಂದೆರಡು ಗಂಟೆಯೊಳಗೆ ಹೊಟ್ಟೆ ಉಬ್ಬಿ ಸಾಯುವುದುಂಟು. ಒಂದೇ ಸಲ ಹೆಚ್ಚು ಹಾಲು ಹೋದಾಗ ನಾಲ್ಕನೇ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಅನಿಲ ತುಂಬುತ್ತವೆ. ಹುಳಿಯಾದ ಹಾಲಿನಲ್ಲಿ ಆ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುವುದಿಲ್ಲ. ಲ್ಯಾಕ್ಟೋಸ್ ಕೂಡ ಸ್ವಲ್ಪ ಕಡಿಮೆಯಾಗಿರುತ್ತದೆ.

ಮಾಡುವ ರೀತಿ ಮನೆಯಲ್ಲಿ ಹೆಪ್ಪು ಹಾಕುವ ರೀತಿಯೇ. ಹಾಲು ಕಾಯಿಸಿ, 42 ಡಿಗ್ರಿಗೆ ಆರಿಸಿ, ಲೀಟರಿಗೆ ಎರಡು ಚಮಚ ತಾಜಾ ಮೊಸರು ಹಾಕಿ, 6ರಿಂದ 8 ಗಂಟೆ ಬೆಚ್ಚಗೆ ಮುಚ್ಚಿಡಿ. ಪುಡಿಯ ಹಾಲಿನಿಂದಲೂ ಹೀಗೆ ಮಾಡಬಹುದು. ನಿಪ್ಪಲ್‌ನಲ್ಲಿ ಸಿಕ್ಕಿಕೊಳ್ಳದಂತೆ ಚೆನ್ನಾಗಿ ಕಡೆದು, ಮೊದಲ ವಾರ ದಾಟಿದ ಮರಿಗೆ 3 ಪಾಲು ಹಾಲಿಗೆ 1 ಪಾಲಿನಂತೆ ಆರಂಭಿಸಿ, ನಾಲ್ಕೈದು ದಿನದಲ್ಲಿ ಅರ್ಧಕ್ಕೆ ಏರಿಸಿ. ಹುಳಿ ವಾಸನೆಗೆ ಮೂಗು ಮುರಿಯುವ ಮರಿ ಎರಡನೇ ದಿನಕ್ಕೆ ಒಗ್ಗಿಕೊಳ್ಳುತ್ತದೆ. ಬಹಳ ಹುಳಿಬಂದ, ಮೇಲೆ ಬೂಷ್ಟು ಕಟ್ಟಿದ ಮೊಸರು ಹೆಪ್ಪಿಗೂ ಬೇಡ.

ಪ್ರಮಾಣ ಮತ್ತು ಹೊತ್ತು

ಒಂದು ಸಲಕ್ಕೆ ಎಷ್ಟು ಎಂಬುದಕ್ಕೆ ಸುಲಭದ ಮಿತಿ: ಪ್ರತಿ ಕೆ.ಜಿ. ತೂಕಕ್ಕೆ 60 ಮಿ.ಲೀ. ದಾಟಬಾರದು. ದಿನದ ಒಟ್ಟು ಹಾಲು ತೂಕದ ಶೇ. 15ರಿಂದ 20. ಹುಟ್ಟಿದಾಗ 2 ಕೆ.ಜಿ. ಇದ್ದು, ದಿನಕ್ಕೆ ಸುಮಾರು 100 ಗ್ರಾಂ ಏರುವ ಮರಿಗೆ ಹೀಗೆ ಹೊಂದುತ್ತದೆ:

2ರಿಂದ 7ನೇ ದಿನ: ದಿನಕ್ಕೆ 350–400 ಮಿ.ಲೀ., 4ರಿಂದ 5 ಸಲ
2ನೇ ವಾರ: 550 ಮಿ.ಲೀ., 4 ಸಲ
3ನೇ ವಾರ: 700 ಮಿ.ಲೀ., 4 ಸಲ
4ನೇ ವಾರ: 800 ಮಿ.ಲೀ., 3 ಸಲ
5ನೇ ವಾರ: 900 ಮಿ.ಲೀ., 3 ಸಲ
6ನೇ ವಾರ: 700 ಮಿ.ಲೀ., 2 ಸಲ
7ನೇ ವಾರ: 500 ಮಿ.ಲೀ., 2 ಸಲ
8ನೇ ವಾರ: 300 ಮಿ.ಲೀ., 1 ಸಲ

ದೊಡ್ಡ ತಳಿಯ, 3.5 ಕೆ.ಜಿ. ಹುಟ್ಟು ತೂಕದ ಮರಿಗೆ ಇದನ್ನು ಒಂದೂವರೆ ಪಟ್ಟಿಗೆ ಏರಿಸಿಕೊಳ್ಳಿ. ವಾರಕ್ಕೊಮ್ಮೆ ಮರಿಯನ್ನು ಚೀಲದಲ್ಲಿ ಕೂರಿಸಿ ತೂಗುತಕ್ಕಡಿಗೆ ಸಿಕ್ಕಿಸಿ ತೂಕ ಬರೆದಿಡಿ. ಕಣ್ಣಂದಾಜು ಮೋಸ ಮಾಡುತ್ತದೆ, ಹೊಟ್ಟೆ ದಪ್ಪ ಇರುವ ಮರಿ ಬೆಳೆಯುತ್ತಿದೆ ಎಂದೇ ಅನಿಸುತ್ತದೆ.

ಮರಿ ಇನ್ನೂ ಬೇಕೆಂದು ಅರಚುತ್ತದೆ. ಅದನ್ನು ನಂಬಬೇಡಿ, ಹೊಟ್ಟೆ ಮುಟ್ಟಿ ನೋಡಿ. ಕುಡಿದಾದ ಮೇಲೆ ಮರಿಯನ್ನು ನೇರ ನಿಲ್ಲಿಸಿ, ಹಿಂದಿನಿಂದ ಎರಡೂ ಅಂಗೈಗಳನ್ನು ಪಕ್ಕೆಯ ಮೇಲಿಡಿ. ಕೊನೆಯ ಪಕ್ಕೆಲುಬಿನಿಂದ ಸೊಂಟದ ಮೂಳೆಯವರೆಗೆ ಅಂಗೈ ಸಮತಟ್ಟಾಗಿ ಕೂರಬೇಕು. ಒಳಗೆ ಕುಸಿದರೆ ಸಾಲದು. ಹೊರಗೆ ಉಬ್ಬಿ ಬಿಗಿಯಾಗಿದ್ದರೆ ಹೆಚ್ಚಾಗಿದೆ, ಮುಂದಿನ ಸಲ 20–30 ಮಿ.ಲೀ. ಕಡಿಮೆ ಕೊಡಿ.

ಪುಡಿ ಕಲಸುವಾಗ ಚಮಚದ ಲೆಕ್ಕ ಬಿಡಿ. ಒಂದೇ ಚಮಚ ಒಬ್ಬರ ಕೈಯಲ್ಲಿ 8 ಗ್ರಾಂ, ಇನ್ನೊಬ್ಬರ ಕೈಯಲ್ಲಿ 12 ಗ್ರಾಂ ತುಂಬುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಇನ್ನೊಂದು ಗೊಂದಲ: ಚೀಲದ ಮೇಲೆ '1 ಲೀಟರ್ ನೀರಿಗೆ 150 ಗ್ರಾಂ' ಎಂದಿದೆಯೋ, '150 ಗ್ರಾಂಗೆ ನೀರು ಸೇರಿಸಿ 1 ಲೀಟರ್ ಮಾಡಿ' ಎಂದಿದೆಯೋ ಓದಿಕೊಳ್ಳಿ. ಎರಡೂ ಒಂದಲ್ಲ. ಚೀಲ ಬೇರೆ ಹೇಳದಿದ್ದರೆ 45ರಿಂದ 50 ಡಿಗ್ರಿ ನೀರಿನಲ್ಲಿ ಕಲಸಿ. ಅದಕ್ಕಿಂತ ತಣ್ಣಗಿದ್ದರೆ ಕೊಬ್ಬು ಬೆರೆಯದೆ ಗಂಟಾಗುತ್ತದೆ, ಕುದಿಯುವ ನೀರಾದರೆ ಪ್ರೋಟೀನ್ ಕೆಡುತ್ತದೆ. ಕಲಸಿದ ಮೇಲೆ 38ರಿಂದ 40 ಡಿಗ್ರಿಗೆ ಇಳಿಯಲು ಬಿಡಿ. ಮಣಿಕಟ್ಟಿನ ಒಳಬದಿಗೆ ಹನಿ ಬಿಟ್ಟರೆ ಹಿತವಾದ ಬಿಸಿ ಅನಿಸಬೇಕು.

ಒಂದು ಹಾಲಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ನಾಲ್ಕೈದು ದಿನ ತೆಗೆದುಕೊಳ್ಳಿ: ಮೊದಲು ಕಾಲು ಭಾಗ ಹೊಸದು, ಆಮೇಲೆ ಅರ್ಧ, ಮುಕ್ಕಾಲು, ಪೂರ್ತಿ. ಬೆಲೆ ಕಡಿಮೆ ಸಿಕ್ಕಿತೆಂದು ದಿನಕ್ಕೊಂದು ಹಾಲು ಬದಲಿಸಿದರೆ ಯಾವ ಹಾಲೂ ಒಗ್ಗುವುದಿಲ್ಲ.

ಬಾಟಲಿ ಹಿಡಿಯುವ ರೀತಿ

ಮರಿ ಚೀಪಿ ಕುಡಿಯುವಾಗ ಅನ್ನನಾಳದ ತುದಿಯಲ್ಲಿ ಒಂದು ತೋಡು ಮಡಚಿಕೊಂಡು ಕೊಳವೆಯಾಗಿ, ಹಾಲನ್ನು ಮೊದಲ ಹೊಟ್ಟೆ ತಪ್ಪಿಸಿ ನೇರ ನಾಲ್ಕನೇ ಹೊಟ್ಟೆಗೆ ಇಳಿಸುತ್ತದೆ. ಚೀಪದೆ ಗಟಗಟ ಹೋದ ಹಾಲು ರೂಮೆನ್‌ಗೆ ಬಿದ್ದು ಕೊಳೆಯುತ್ತದೆ. ಹೀಗಾಗಿ ಲೋಟದಿಂದ ಬಾಯಿಗೆ ಸುರಿಯುವುದಾಗಲಿ, ನಿಪ್ಪಲ್ ತೂತು ದೊಡ್ಡದು ಮಾಡುವುದಾಗಲಿ ಬೇಡ. ಬಾಟಲಿ ತಲೆಕೆಳಗಾಗಿ ಹಿಡಿದಾಗ ಹಾಲು ಹನಿಹನಿಯಾಗಿ ಬೀಳಬೇಕು, ಧಾರೆಯಾಗಬಾರದು. ಮೊದಲ ದಿನಗಳಲ್ಲಿ ಮಕ್ಕಳ ಬಾಟಲಿಯ ಮೆತ್ತನೆ ನಿಪ್ಪಲ್ ಸಾಕು. ಆಮೇಲೆ ತಂಪುಪಾನೀಯದ ಬಾಟಲಿಗೆ ತಿರುಗಿಸಿ ಹಾಕುವ ಮರಿ ನಿಪ್ಪಲ್ ಬಾಳಿಕೆ ಬರುತ್ತದೆ.

ಮರಿ ನಾಲ್ಕು ಕಾಲ ಮೇಲೆ ನಿಂತಿರಲಿ, ತಲೆ ತುಸು ಮೇಲಕ್ಕಿರಲಿ, ಬಾಟಲಿ ತಾಯಿಯ ಕೆಚ್ಚಲಿನ ಎತ್ತರದಲ್ಲಿರಲಿ. ಮಗುವನ್ನು ಮಲಗಿಸಿದ ಹಾಗೆ ಮಡಿಲಲ್ಲಿ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ನಿಪ್ಪಲ್ ಒಪ್ಪದ ಮರಿಯ ಕಣ್ಣನ್ನು ಅಂಗೈಯಿಂದ ಮುಚ್ಚಿ ಕತ್ತಲೆ ಮಾಡಿ. ತಾಯಿಯ ಹೊಟ್ಟೆಯಡಿ ನುಗ್ಗಿದಾಗ ಆಗುವ ಕತ್ತಲೆ ಅದಕ್ಕೆ ಪರಿಚಿತ. ಇನ್ನೊಂದು ಕೈಯಿಂದ ಬಾಲದ ಬುಡ ಕೆರೆಯಿರಿ, ತಾಯಿ ನೆಕ್ಕುವುದು ಅಲ್ಲೇ. ಬಾಲ ಅಲುಗಲು ಶುರುವಾದರೆ ಹಾಲು ಇಳಿಯುತ್ತಿದೆ ಎಂದು ತಿಳಿಯಿರಿ.

ಬಾಯಿಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಹಾಲು ಕೊಡಬೇಡಿ. ಮೇಕೆಮರಿಯ ಮೈ ಬಿಸಿ 38.5ರಿಂದ 39.5 ಡಿಗ್ರಿ ಇರಬೇಕು. 37ಕ್ಕಿಂತ ಕೆಳಗಿಳಿದ ಮರಿಗೆ ಕರುಳು ಕೆಲಸ ಮಾಡುವುದಿಲ್ಲ, ಕೊಟ್ಟ ಹಾಲು ಹಾಗೇ ನಿಲ್ಲುತ್ತದೆ ಅಥವಾ ನೆತ್ತಿಗೇರುತ್ತದೆ. ಮೊದಲು ಒಣಬಟ್ಟೆ, ಬಿಸಿನೀರಿನ ಬಾಟಲಿ ಇಟ್ಟು ಬೆಚ್ಚಗೆ ಮಾಡಿ, ಬೆರಳು ಚೀಪಲು ಶುರುಮಾಡಿದ ಮೇಲೆ ಹಾಲು. ಹುಟ್ಟಿ ಐದಾರು ಗಂಟೆ ಕಳೆದೂ ಏನೂ ಕುಡಿಯದೆ ತಣ್ಣಗಾದ ಮರಿಗೆ ಬೆಚ್ಚಗೆ ಮಾಡುವ ಮುನ್ನವೇ ಪಶುವೈದ್ಯರಿಂದ ಗ್ಲೂಕೋಸ್ ಬೇಕಾಗುತ್ತದೆ.

ತೊಳೆಯುವಾಗ ಮೊದಲು ಉಗುರುಬೆಚ್ಚನೆ ನೀರು, ಆಮೇಲೆ ಬಿಸಿನೀರು ಮತ್ತು ಸೋಪು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಪ್ರೋಟೀನ್ ಗಾಜಿಗೆ ಅಂಟಿ ಗಟ್ಟಿಯಾಗುತ್ತದೆ. ನಿಪ್ಪಲ್ ಒಳಗೆ ಬ್ರಷ್ ಹೋಗಲೇಬೇಕು. ಬಿರುಕು ಬಿಟ್ಟ ನಿಪ್ಪಲ್ ಎಸೆಯಿರಿ. ಮರಿ ಕುಡಿದು ಬಿಟ್ಟ ಹಾಲನ್ನು ಮುಂದಿನ ಹೊತ್ತಿಗೆ ಇಡಬೇಡಿ.

ಭೇದಿ ಬಂದರೆ

ಬೆಳ್ಳಗೆ ಅಥವಾ ಹಳದಿಗೆ ಪೇಸ್ಟಿನಂತಿದ್ದು ಮರಿ ಚುರುಕಾಗಿದ್ದರೆ ಹೆಚ್ಚಿನ ಸಲ ಹಾಲಿನದೇ ತಪ್ಪು: ಪ್ರಮಾಣ ಹೆಚ್ಚು, ಗಟ್ಟಿ ಕಲಸಿದ್ದು, ದಿಢೀರ್ ಬದಲಾವಣೆ, ಕೊಳಕು ಬಾಟಲಿ. ಒಂದು ಹೊತ್ತು ಹಾಲು ತಪ್ಪಿಸಿ ಅದರ ಬದಲು ಲವಣದ ನೀರು ಕೊಡಿ. 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಗ್ಲೂಕೋಸ್ 20 ಗ್ರಾಂ, ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಮನುಷ್ಯರಿಗೆ ಮನೆಯಲ್ಲಿ ಮಾಡುವ ಸಕ್ಕರೆ-ಉಪ್ಪಿನ ನೀರು ಇಲ್ಲಿ ಆಗುವುದಿಲ್ಲ, ಕಾರಣ ಮೇಲೆ ಹೇಳಿದ್ದೇ. ಈ ನೀರನ್ನು ಹಾಲಿನ ಜೊತೆ ಬೆರೆಸಬೇಡಿ. ಸೋಡಾ ಸೇರಿದರೆ ನಾಲ್ಕನೇ ಹೊಟ್ಟೆಯಲ್ಲಿ ಹಾಲು ಹೆಪ್ಪುಗಟ್ಟುವುದಿಲ್ಲ. ಎರಡರ ನಡುವೆ ಎರಡು ಗಂಟೆ ಅಂತರವಿರಲಿ. ಮುಂದಿನ ಹೊತ್ತಿನಿಂದ ಹಾಲನ್ನು ಅರ್ಧ ಪ್ರಮಾಣದಲ್ಲಿ ಮತ್ತೆ ಶುರುಮಾಡಿ. ದಿನಗಟ್ಟಲೆ ಹಾಲು ನಿಲ್ಲಿಸಿದರೆ ಮರಿ ಭೇದಿಯಿಂದಲ್ಲ, ಹಸಿವಿನಿಂದ ಸಾಯುತ್ತದೆ.

ನೀರಿನಂಥ ಭೇದಿ, ರಕ್ತ, ಕಣ್ಣು ಗುಳಿಬಿದ್ದಿರುವುದು, ಚೀಪುವ ಶಕ್ತಿ ಇಲ್ಲದಿರುವುದು, ಜ್ವರ, ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರನ್ನು ಕರೆಸಿ. ಮೂರು ವಾರ ದಾಟಿದ ಮರಿಗೆ ಭೇದಿ ಬಂದರೆ ಹಿಕ್ಕೆ ಪರೀಕ್ಷೆ ಮಾಡಿಸಿ, ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿ ಜೀವಿ ಇರುವ ಸಾಧ್ಯತೆ ಹೆಚ್ಚು. ಹಾಲು ಬದಲಿಸಿ ಅದು ಹೋಗುವುದಿಲ್ಲ, ಔಷಧಿಯೇ ಬೇಕು. ಇನ್ನೊಂದು ಗುರುತು ನೆನಪಿಡಿ. 3ರಿಂದ 10 ದಿನದ ಮರಿ ಭೇದಿಯಿಲ್ಲದೆ, ಜ್ವರವಿಲ್ಲದೆ, ಹೊಟ್ಟೆ ತುಂಬಿದ್ದೂ ಬಟ್ಟೆಯಂತೆ ಜೋತುಬಿದ್ದರೆ ರಕ್ತ ಆಮ್ಲೀಯವಾಗಿರುವ ಲಕ್ಷಣ. ಬೇಗ ಗುರುತಿಸಿದರೆ, ವೈದ್ಯರ ಸಲಹೆಯಂತೆ ಅರ್ಧ ಚಮಚ ಅಡುಗೆ ಸೋಡಾವನ್ನು ನೀರಿನಲ್ಲಿ ಕೊಟ್ಟು, ಹಾಲು ಕೆಲವು ಗಂಟೆ ತಡೆದರೆ ಎಷ್ಟೋ ಮರಿಗಳು ಎದ್ದು ನಿಲ್ಲುತ್ತವೆ.

ಹಾಲು ಬಿಡಿಸುವ ತಯಾರಿ ಮೊದಲ ವಾರದಿಂದಲೇ

ಏಳನೇ ದಿನದಿಂದ ಮರಿಯ ಮುಂದೆ ಮೂರು ವಸ್ತು ಇರಬೇಕು: ಶುದ್ಧ ನೀರು, ಎಳೆ ಒಣಹುಲ್ಲು ಅಥವಾ ಕಟ್ಟಿ ತೂಗುಹಾಕಿದ ಸೊಪ್ಪು, ಒಂದು ಹಿಡಿ ಕೈತಿಂಡಿ. ಹಾಲಿದೆಯಲ್ಲ, ನೀರೇಕೆ ಎಂದು ಬಿಡಬೇಡಿ. ಚೀಪಿ ಕುಡಿದ ಹಾಲು ರೂಮೆನ್‌ಗೆ ಹೋಗುವುದಿಲ್ಲ. ಅಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲು ಕುಡಿದ ನೀರು, ತಿಂದ ಕಾಳು ಎರಡೂ ಬೇಕು. ಕಾಳು ಹುದುಗಿದಾಗ ಹುಟ್ಟುವ ಆಮ್ಲಗಳೇ ರೂಮೆನ್ನಿನ ಒಳಗೋಡೆಯನ್ನು ಬೆಳೆಸುತ್ತವೆ.

ಕೈತಿಂಡಿ ಮನೆಯಲ್ಲೇ ಮಾಡಬಹುದು. 100 ಕೆ.ಜಿ.ಗೆ ಮೆಕ್ಕೆಜೋಳದ ನುಚ್ಚು 50, ಸೋಯಾ ಅಥವಾ ಶೇಂಗಾ ಹಿಂಡಿ 22, ಗೋಧಿ ಬೂಸಾ 24, ಖನಿಜ ಮಿಶ್ರಣ 2, ಉಪ್ಪು 1, ಸುಣ್ಣಕಲ್ಲಿನ ಪುಡಿ 1 ಕೆ.ಜಿ. ಪ್ರೋಟೀನ್ ಶೇ. 18ರ ಹತ್ತಿರ ಬರುತ್ತದೆ. ಒಂದೆರಡು ಮರಿಗಾದರೆ ಇದರ ಹತ್ತನೇ ಒಂದು ಭಾಗ ಮಾಡಿಕೊಳ್ಳಿ. ಸುಣ್ಣಕಲ್ಲಿನ ಪುಡಿ ಬಿಡಬೇಡಿ: ಜೋಳ, ಬೂಸಾಗಳಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ಆ ಸಮತೋಲ ತಪ್ಪಿದರೆ ಗಂಡುಮರಿಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಬೂಷ್ಟು ವಾಸನೆಯ ಶೇಂಗಾ ಹಿಂಡಿ ವಿಷ, ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ನುಣ್ಣನೆ ಹಿಟ್ಟಾಗಿಸಬೇಡಿ, ಮೂಗಿಗೆ ಏರುವುದರಿಂದ ಮರಿ ತಿನ್ನುವುದಿಲ್ಲ. ಹಾಲು ಕುಡಿದು ಮುಗಿಸಿದ ಕ್ಷಣದಲ್ಲೇ, ಚೀಪುವ ಆಸೆ ಇನ್ನೂ ಇರುವಾಗ, ಬಾಯಿಗೆ ಚಿಟಿಕೆ ನುಚ್ಚು ಇಟ್ಟರೆ ಬೇಗ ಕಲಿಯುತ್ತದೆ. ಉಳಿದದ್ದನ್ನು ದಿನವೂ ತೆಗೆದು ಹೊಸದು ಹಾಕಿ, ಜೊಲ್ಲು ತಾಗಿದ ಕಾಳನ್ನು ಮರಿ ಮೂಸಿಯೂ ನೋಡುವುದಿಲ್ಲ.

ಹಾಲು ಬಿಡಿಸಲು ವಾರ ಮಾತ್ರ ನೋಡಬೇಡಿ. ತೂಕ ಹುಟ್ಟಿದಾಗಿನ ಎರಡೂವರೆಯಿಂದ ಮೂರು ಪಟ್ಟು ಆಗಿರಬೇಕು, ದಿನಕ್ಕೆ 100–120 ಗ್ರಾಂ ಕೈತಿಂಡಿಯನ್ನು ಬಿಡದೆ ತಿನ್ನುತ್ತಿರಬೇಕು, ಮೆಲುಕು ಹಾಕುತ್ತಿರಬೇಕು, ನೀರು ತಾನಾಗಿ ಕುಡಿಯುತ್ತಿರಬೇಕು. ಈ ನಾಲ್ಕೂ ಇದ್ದರೆ 8 ವಾರಕ್ಕೆ ನಿಲ್ಲಿಸಬಹುದು. ಒಂದು ಇಲ್ಲದಿದ್ದರೂ ಒಂದೆರಡು ವಾರ ದಿನಕ್ಕೊಂದು ಬಾಟಲಿ ಮುಂದುವರಿಸಿ. ಕಡಿಮೆ ಮಾಡುವಾಗ ಹಾಲಿನ ಪ್ರಮಾಣ ಇಳಿಸಿ, ಗಟ್ಟಿತನ ಇಳಿಸಬೇಡಿ. ತೆಳು ಹಾಲಿನಿಂದ ಹೊಟ್ಟೆ ತುಂಬಿದ ಮರಿ ಕೈತಿಂಡಿ ಕಡೆ ತಿರುಗುವುದಿಲ್ಲ.

ಕೈತಿಂಡಿ ಹೆಚ್ಚಾಗುವ ಈ ವಾರಗಳಲ್ಲೇ ಕರುಳುಬೇನೆ, ಅಂದರೆ ಎಂಟೆರೊಟಾಕ್ಸೆಮಿಯಾ, ಚೆನ್ನಾಗಿ ಬೆಳೆದ ಮರಿಯನ್ನೇ ಹಿಡಿಯುತ್ತದೆ. 6ರಿಂದ 8ನೇ ವಾರದಲ್ಲಿ ಲಸಿಕೆ, 3–4 ವಾರ ಬಿಟ್ಟು ಎರಡನೇ ಸಲ. ತಾಯಿಗೆ ಲಸಿಕೆ ಆಗಿರದಿದ್ದರೆ ಇನ್ನೂ ಬೇಗ ಹಾಕಿಸಬೇಕಾಗಬಹುದು, ಪಶುವೈದ್ಯರನ್ನು ಕೇಳಿ. ಹಾಲು ಬಿಡಿಸುವುದು, ಲಸಿಕೆ, ಜಾಗ ಬದಲಿಸುವುದು ಮೂರನ್ನೂ ಒಂದೇ ವಾರಕ್ಕೆ ತರಬೇಡಿ. ಹಾಲು ನಿಂತ ಮೇಲೆ ಒಂದು ವಾರ ತೂಕ ನಿಂತಲ್ಲೇ ನಿಲ್ಲುವುದು ಸಹಜ. ಎರಡನೇ ವಾರದ ತೂಕವೂ ಏರದಿದ್ದರೆ ಕೈತಿಂಡಿಯ ಪ್ರಮಾಣ ನೋಡಿ, ಹಿಕ್ಕೆ ಪರೀಕ್ಷೆ ಮಾಡಿಸಿ.